ಚಂದ್ರಮೌಳಿಯವರ ರಕ್ತದ ತೀರ್ಪು

ಆಕ್ಲೆಂಡಿನ ಫ್ಲ್ಯಾಟ್ ಬುಷ್ ಬಡಾವಣೆಯಲ್ಲಿ ನಾನು ಬಾಡಿಗೆಗಿರುವ ಮನೆಯ ಅಡುಗೆಕೋಣೆಯಲ್ಲಿ ಕಣ್ಣಿಗೆ ಕಾಣದ ಒಂದು ಗಡಿ ಇದೆ. ಒಲೆಯ ಎಡಗಡೆ ತುಪ್ಪದ ಡಬ್ಬಿ, ಬಲಗಡೆ ತೆಂಗಿನೆಣ್ಣೆಯ ಜಾಡಿ. ಎಡಗಡೆಯ ಮಹಾರಾಜರು ಮನೆಯ ಯಜಮಾನ ಚಂದ್ರಮೌಳಿ ಅಂಕಲ್, ಮೈಸೂರಿನವರು. ಬಲಗಡೆಯ ಮಹಾರಾಣಿ ಅವರ ಹೆಂಡತಿ ಪ್ರಭಾ ಆಂಟಿ, ಉಡುಪಿಯವರು. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಗಡಿಯಲ್ಲಿ ಒಂದು ದಿನ ಕದನವಿರಾಮ ಘೋಷಣೆಯಾಗಿಲ್ಲ. ಮಹಡಿ ಕೋಣೆಯ ಬಾಡಿಗೆದಾರನಾದ ಆಕಾಶ್ ಎಂಬ ನಾನು ಎರಡೂ ಕಡೆ ಉಂಡು ಎರಡೂ ಕಡೆಗೆ ಜೈ ಅನ್ನುವ ನಿಷ್ಪಕ್ಷಪಾತಿ.

ಅಂಕಲ್‌ರ ಕೆಲಸ ಆಕ್ಲೆಂಡಿನ ನೀರಿನ ಪೈಪುಗಳ ನಕ್ಷೆ ಬರೆಯುವುದು. ಯಾವ ಪೈಪು ಯಾವ ಬೀದಿಯ ಕೆಳಗೆ ಹೋಗುತ್ತದೆಂದು ನಿದ್ದೆಯಲ್ಲೂ ಹೇಳುವ ಅವರಿಗೆ, ತಾವು ಓಡಿಸುತ್ತಿರುವ ಕಾರು ಎಲ್ಲಿಗೆ ಹೋಗುತ್ತಿದೆ ಎಂಬುದು ಮಾತ್ರ ಎಚ್ಚರದಲ್ಲೂ ಅನುಮಾನ. ಒಮ್ಮೆ ಮೋಡ ನೋಡುತ್ತಾ ಒಂದೇ ವೃತ್ತವನ್ನು ನಾಲ್ಕು ಸುತ್ತು ಹಾಕಿ, "ಈ ರಸ್ತೆ ಎಷ್ಟ್ ಉದ್ದ ಇದೆ ನೋಡೋ" ಅಂದಿದ್ದರು.

ಇಲ್ಲಿ ಚಳಿಗಾಲವಾದ ಜೂನ್ ತಿಂಗಳಲ್ಲಿ ಡಾಕ್ಟರು ಅಂಕಲ್‌ರ ರಕ್ತದ ರಿಪೋರ್ಟ್ ನೋಡಿ, ಕೊಬ್ಬು ಜಾಸ್ತಿ ಇದೆ, ಸಕ್ಕರೆ ಗೆರೆಯ ಮೇಲೆ ನಿಂತಿದೆ, ಸ್ಯಾಚುರೇಟೆಡ್ ಕೊಬ್ಬು ಕಡಿಮೆ ಮಾಡಿ ಅಂದರು. ಚಳಿಯಲ್ಲಿ ಗಟ್ಟಿಯಾಗಿ ಕೂರುವಂಥದ್ದು ಎಂದು ವಿವರಣೆಯನ್ನೂ ಕೊಟ್ಟರು. ಗಂಡಹೆಂಡತಿ ಮನೆಗೆ ಬಂದು ನೋಡಿದರೆ ಎಡಗಡೆಯ ಡಬ್ಬಿಯೂ ಗಟ್ಟಿ, ಬಲಗಡೆಯ ಜಾಡಿಯೂ ಗಟ್ಟಿ.

"ಕೇಳ್ತಾ? ತುಪ್ಪ ಬಿಡ್ಬೇಕಂತೆ" ಅಂದರು ಆಂಟಿ.

"ಡಾಕ್ಟ್ರು ಹೇಳಿದ್ದು ನಿನ್ ಜಾಡಿ ಕಣೆ. ಕಲ್ಲಾಗಿದೆ ನೋಡು, ಚಮಚ ಬಗ್ಗೋಗ್ತಿದೆ."

"ತೆಂಗಿನೆಣ್ಣೆ ಎಂತ ಮಾಡ್ತದೆ? ನನ್ನ ಅಜ್ಜಿ ತೊಂಬತ್ತೆರಡು ವರ್ಷ ಇದ್ರು ಮಾರಾಯ್ರೇ!"

"ನಮ್ಮಜ್ಜಿ ತೊಂಬತ್ನಾಲ್ಕು!"

ಅಜ್ಜಿಯರ ಸ್ಕೋರ್ ಹೀಗೆ ಏರುತ್ತಿದ್ದಾಗ ನಾನು ಫೋನಿನಲ್ಲಿ ಬಂದಿದ್ದ ಒಂದು ಪ್ರಕಟಣೆಯನ್ನು ಮೇಜಿನ ಮೇಲಿಟ್ಟೆ. ಆಲ್ಬನಿ ಕಡೆಯ ಒಂದು ಪ್ರಯೋಗಾಲಯಕ್ಕೆ ನಮ್ಮ ಕಡೆಯ ಸ್ವಯಂಸೇವಕರು ಬೇಕಾಗಿದ್ದರು. ಮೂರು ವಾರಕ್ಕೊಂದರಂತೆ ಮೂರು ಊಟ. ಒಂದರಲ್ಲಿ ಬೆಣ್ಣೆ, ಒಂದರಲ್ಲಿ ತೆಂಗಿನೆಣ್ಣೆ, ಒಂದರಲ್ಲಿ ತಾಳೆಎಣ್ಣೆ. ಯಾವ ದಿನ ಯಾವುದೆಂದು ತಿನ್ನುವವರಿಗೂ ಗೊತ್ತಿಲ್ಲ, ಬಡಿಸುವವರಿಗೂ ಗೊತ್ತಿಲ್ಲ. ಊಟವಾದ ಮೇಲೆ ಗಂಟೆಗೊಮ್ಮೆ ರಕ್ತ ತೆಗೆದು, ಕೊಬ್ಬು ಎಷ್ಟು ಏರಿತು, ಸಕ್ಕರೆ ಎಷ್ಟು ಏರಿತು ಎಂದು ನೋಡುತ್ತಾರೆ.

ನಾನು ಕುರ್ಚಿಯಿಂದ ಎದ್ದು, ಇಲ್ಲದ ಕೂಲಿಂಗ್ ಗ್ಲಾಸ್ ತೆಗೆದು ಹೇಳಿದೆ: "ಅಂಕಲ್, ಇದು ಬರೀ ಊಟ ಅಲ್ಲ, ತೀರ್ಪು! ತಟ್ಟೆ ಅವರದ್ದು, ರಕ್ತ ನಿಮ್ಮದು, ಆದ್ರೆ ಕ್ಲೈಮ್ಯಾಕ್ಸ್... ಇಡೀ ಆಕ್ಲೆಂಡಿನ ಕನ್ನಡಿಗರದ್ದು!"

"ಮೆತ್ಗೆ ಹೇಳೋ. ಪಕ್ಕದ್ಮನೆ ನಾಯಿ ಬೊಗಳ್ತಿದೆ" ಅಂದರು ಅಂಕಲ್. ಆದರೆ ಕಣ್ಣು ಹೊಳೆಯಿತು. ಆಂಟಿಯೂ ಸೊಂಟಕ್ಕೆ ಕೈಯಿಟ್ಟರು. ಅಲ್ಲೇ ಒಪ್ಪಂದವಾಯಿತು, ಬೆಣ್ಣೆಯೆಂದರೆ ತುಪ್ಪವೆಂದೇ ಲೆಕ್ಕ. ಅಂಕಲ್‌ರ ರಕ್ತದಲ್ಲಿ ಯಾವುದು ಹೆಚ್ಚು ಗಲಾಟೆ ಮಾಡುತ್ತದೋ ಆ ಡಬ್ಬಿ ಮನೆಯಿಂದ ಆಚೆ, ಜೀವಮಾನದಲ್ಲಿ ವಾಪಸ್ಸಿಲ್ಲ.

ಮೊದಲ ದಿನ ಕಾರು ಓಡಿಸಿದವನು ನಾನು. ಹಾರ್ಬರ್ ಬ್ರಿಡ್ಜ್ ಮೇಲೆ ಹೋಗುವಾಗ ಕೆಳಗೆ ಬೆಳ್ಳಗಿನ ಹಾಯಿದೋಣಿಗಳು ಯಾರೋ ಮರೆತು ಬಿಟ್ಟುಹೋದ ಹಪ್ಪಳಗಳಂತೆ ತೇಲುತ್ತಿದ್ದವು. ಅಂಕಲ್ ಹಿಂದಿನ ರಾತ್ರಿಯಿಂದ ಉಪವಾಸ. ಹೋಲಿಕೆ ಅವರದ್ದೇ.

ಪ್ರಯೋಗಾಲಯದ ಹುಡುಗಿ ಪ್ರತೀಕ್ಷಾ ನಮ್ಮ ಬೆಂಗಳೂರಿನವಳು, ಪಿಎಚ್.ಡಿ. ಮಾಡುತ್ತಿದ್ದಳು. ಒಟ್ಟು ಇಪ್ಪತ್ತನಾಲ್ಕು ಜನ ಬೇಕಿತ್ತು. ಇಪ್ಪತ್ಮೂರು ಜನ ಮುಗಿಸಿದ್ದರು, ಅಂಕಲ್ ಕೊನೆಯವರು. ಅವಳು ಅವರ ತೋಳಿಗೆ ಸೂಜಿ ಚುಚ್ಚಿ ಒಂದು ಪುಟ್ಟ ನಲ್ಲಿಯಂಥದ್ದನ್ನು ಕೂರಿಸಿದಳು.

"ಊರಿಗೆಲ್ಲ ಪೈಪ್ ಹಾಕ್ದೋನಿಗೇ ಕನೆಕ್ಷನ್ ಕೊಟ್ಬಿಟ್ಯಲ್ಲಮ್ಮ" ಅಂದರು ಅಂಕಲ್.

"ಅಂಕಲ್, ಸಿಂಪಲ್. ನೀವು ಅನ್ನ, ಬೇಳೆ ತಿಂತೀರಾ. ಕೊಬ್ಬು ಬೇಳೆ ಒಳಗೇ ಸೇರಿಸಿರ್ತೀವಿ, ಕರೆಕ್ಟಾಗಿ ತೂಗಿ. ಸಕ್ಕರೆ ಮೊದಲು ಏರುತ್ತೆ, ಮುಕ್ಕಾಲು ಗಂಟೆಗೆಲ್ಲ. ಕೊಬ್ಬು ಮಾತ್ರ ಆರಾಮಾಗಿ, ಮೂರು ನಾಲ್ಕು ಗಂಟೆ ಆದ್ಮೇಲೆ ಬರುತ್ತೆ."

"ಮದುವೆಗೆ ಲೇಟಾಗಿ ಬರೋ ಬೀಗರ ತರ."

"ಎಕ್ಸಾಕ್ಟ್ಲಿ. ಮೂರೂ ಸ್ಯಾಚುರೇಟೆಡ್ಡೇ, ಆದ್ರೆ ಒಳಗಿನ ಕಟ್ಟಡ ಬೇರೆ ಬೇರೆ. ರಕ್ತದಲ್ಲಿ ಒಂದೇ ತರ ನಡ್ಕೊಳ್ತವಾ ಇಲ್ವಾ ಅನ್ನೋದೇ ನನ್ನ ಪ್ರಶ್ನೆ. ಅದಕ್ಕೇ ನಾನು ಕೊಟ್ಟಿದ್ದು ಬಿಟ್ಟು ಬೇರೇನೂ ತಿನ್ಬಾರ್ದು."

"ದೇವರಾಣೆಗೂ ಇಲ್ಲಮ್ಮ" ಅಂದರು ಅಂಕಲ್, ಅಂಗಿಯ ಜೇಬಿನ ಮೇಲೆ ಕೈಯಿಟ್ಟು.

ಊಟ ಬರುವ ಹೊತ್ತಿಗೆ ನನ್ನನ್ನು ಆಚೆ ಕಳಿಸಿದರು. ನಾನು ಕೆಳಗಿನ ಡೇರಿಗೆ ಹೋದೆ. ಇಲ್ಲಿ ಮೂಲೆ ಅಂಗಡಿಗೆ ಡೇರಿ ಅನ್ನುತ್ತಾರೆ, ಹಾಲು ಕರೆಯುವುದಿಲ್ಲ. ಅಲ್ಲಿ ಒಂದು ಆಲೂಗಡ್ಡೆ ಪೈ ತಿಂದು ಬರುವಷ್ಟರಲ್ಲಿ ಅಂಕಲ್ ಒರಗುಕುರ್ಚಿಯಲ್ಲಿ ಕಾಲು ಚಾಚಿ ಮಲಗಿದ್ದರು. ಇಡೀ ಗೋಡೆಗೆ ಒಂದೇ ಕಿಟಕಿ. ಕಿಟಕಿಯ ತುಂಬ ಮೋಡ. ಒಂದು ಮೋಡ ಬಲಗಡೆಯಿಂದ ಎಡಗಡೆಗೆ ಹೋಗುವಷ್ಟರಲ್ಲಿ ಒಂದು ಗಂಟೆ ಕಳೆದು ಪ್ರತೀಕ್ಷಾ ಬಂದು ರಕ್ತ ತೆಗೆಯುತ್ತಿದ್ದಳು. ಆ ಕೋಣೆಯಲ್ಲಿ ಗಡಿಯಾರದ ಮುಳ್ಳಿಗೂ ತೂಕಡಿಕೆ. ಪೈ ತಿಂದಿದ್ದ ನಾನೂ ಜೋಲಿ ಹೊಡೆಯುತ್ತಿದ್ದೆ.

ನಾಲ್ಕನೇ ಗಂಟೆಯ ರಕ್ತವನ್ನು ಗಿರಗಿರ ತಿರುಗಿಸುವ ಯಂತ್ರದಿಂದ ತೆಗೆದು ಅವಳು ಬೆಳಕಿಗೆ ಹಿಡಿದಳು. ಕೆಂಪು ಕೆಳಗೆ ಕೂತು, ಮೇಲೆ ನಿಂತಿದ್ದ ತಿಳಿ ಮಜ್ಜಿಗೆಯಂತೆ ಬೆಳ್ಳಗಿತ್ತು. ಊಟದ ಕೊಬ್ಬು ರಕ್ತಕ್ಕೆ ಬಂದಾಗ ಹೀಗೆ ಮಬ್ಬಾಗುತ್ತದಂತೆ. ಅಂಕಲ್ ಅರ್ಧ ಕಣ್ಣು ತೆರೆದು ಕೊಳವೆಯನ್ನೂ ಕಿಟಕಿಯನ್ನೂ ನೋಡಿ, "ನನ್ನೊಳಗೂ ಮೋಡ ಬಂದಿದೆ ಕಣೋ" ಅಂದು ಮತ್ತೆ ಮಲಗಿದರು. ಪ್ರತೀಕ್ಷಾ ಮಾತ್ರ ಕೊಳವೆಯನ್ನು ತಿರುಗಿಸಿ ನೋಡಿದಳು. "ಸ್ವಲ್ಪ ಜಾಸ್ತೀನೇ ಬೆಳ್ಳಗಿದೆಯಲ್ಲ?"

ವಾಪಸ್ ಬರುವಾಗ ಅಂಕಲ್ ಕನಸು ಹೇಳಿದರು. "ಮೋಟರ್‌ವೇ ಮೇಲೆ ತೆಂಗಿನಮರಗಳು ಸಾಲಾಗಿ ನಡ್ಕೊಂಡು ಹೋಗ್ತಿದ್ವು. ಇಂಡಿಕೇಟರ್ ಹಾಕಿ ಲೇನ್ ಬದಲಾಯಿಸ್ತಿದ್ವು. ಒಂದು ಮರ ನಂಗೆ ಕೈ ತೋರಿಸ್ತು."

ತಪ್ಪು ನನ್ನದೇ. ಇಂಥ ಸೀನ್ ಸಿಕ್ಕರೆ ಡೈಲಾಗ್ ಹೊಡೆಯದೆ ಇರಲು ನನ್ನಿಂದ ಆಗುವುದಿಲ್ಲ. "ಅಂಕಲ್! ಕೊಬ್ಬು ರಕ್ತಕ್ಕೆ ಬರುತ್ತೆ. ರಕ್ತ ತಲೆಗೆ ಹೋಗುತ್ತೆ. ತಲೆ ಕನಸು ಕಾಣುತ್ತೆ. ಸಾಕ್ಷಿ ನಾಶ ಮಾಡ್ಬಹುದು, ಆದ್ರೆ ಕನಸನ್ನ ಯಾರೂ ಕೊಂಡ್ಕೊಳ್ಳಕ್ಕಾಗಲ್ಲ! ಇವತ್ತಿನ ಊಟ ಯಾವುದು ಹೇಳಿ?"

ಅಂಕಲ್ ಬಾಯಿ ನಿಧಾನವಾಗಿ ತೆರೆದುಕೊಂಡಿತು. "ತೆಂಗಿನೆಣ್ಣೆ!"

ಎರಡನೇ ಊಟದ ದಿನ ಕನಸಿನಲ್ಲಿ ರಂಗಿಟೋಟೊ ಬಂತು. ಆಕ್ಲೆಂಡಿನ ಎದುರು ಕಡಲಲ್ಲಿ ಕೂತಿರುವ ಆ ಬೆಂಕಿಬೆಟ್ಟದ ದ್ವೀಪ ತುದಿಯಿಂದ ಮೆಲ್ಲಗೆ ಕರಗಿ, ಹಳದಿಯಾಗಿ, ಸಮುದ್ರಕ್ಕೆ ಇಳಿಯುತ್ತಿತ್ತಂತೆ. ದೋಣಿಗಳೆಲ್ಲ ಅದರಲ್ಲಿ ಸಿಕ್ಕಿಕೊಂಡು ಘಮಘಮ ಅನ್ನುತ್ತಿದ್ದವಂತೆ. "ಬೆಣ್ಣೆ ದಿನ! ಎದ್ದಾಗ ಮೈಯೆಲ್ಲ ಹಗುರ ಆಗಿತ್ತು. ಗೆದ್ದೆ ಕಣೋ!"

ಇಲ್ಲಿಂದ ಮುಂದೆ ವಿಷಯ ನನ್ನ ಕೈ ಮೀರಿತು. ಪಕ್ಕದ ಬೀದಿಯ ವೆಂಕಟೇಶ್ ಬೇಲಿಯ ಮೇಲಿಂದ ಕೇಳಿದರು, "ಸಾರ್, ನಿಮ್ಮ ರಕ್ತ ಯೂನಿವರ್ಸಿಟಿಯೋರು ತಗೊಂಡಿದ್ದಾರಂತೆ?"

"ತಗೊಂಡಿಲ್ಲ, ಅಧ್ಯಯನ ಮಾಡ್ತಿದಾರೆ."

"ನಿನ್ನೆ ನಾನು ಚಿರೋಟಿ ತಿಂದು ಮಲಗಿದ್ದೆ. ಲಿಫ್ಟಲ್ಲಿ ಸಿಕ್ಕಾಕ್ಕೊಂಡ ಕನಸು. ಏನಿರಬಹುದು?"

ಅಂಕಲ್ ಕಣ್ಣು ಮುಚ್ಚಿ ಯೋಚಿಸಿದರು. "ಮೇಲೂ ಹೋಗಲ್ಲ, ಕೆಳಗೂ ಬರಲ್ಲ. ಡಾಲ್ಡಾ."

ವೆಂಕಟೇಶ್ ಹೆಂಡತಿಯನ್ನು ವಿಚಾರಿಸಿದರೆ ಅದು ನಿಜವಾಗಿಯೂ ಡಾಲ್ಡಾ! ಆ ಭಾನುವಾರ ಶಾಲೆಯೊಂದರ ಹಾಲ್‌ನಲ್ಲಿ ಕನ್ನಡಿಗರ ಸಹಭೋಜನ. ಹೋಳಿಗೆ ಮುಗಿಯುವ ಮೊದಲೇ ಅಂಕಲ್ ಸುತ್ತ ಜನ. ಭಾನುಮತಿ ಆಂಟಿ ದುಃಖದಿಂದ ಬಂದರು.

"ನಂಗೆ ಕನಸೇ ಬೀಳಲ್ವಲ್ಲ ಚಂದ್ರಮೌಳಿಯವ್ರೇ."

"ಏನ್ ತಿಂತೀರಿ?"

"ಓಟ್ಸು."

"ಮತ್ತೆ?" ಅಂದರು ಅಂಕಲ್, ಕರುಣೆಯಿಂದ.

ಊಟವಾದ ಮೇಲೆ ಯಾರೋ, ಈಗಲೇ ಪರೀಕ್ಷೆ ಮಾಡಿಬಿಡೋಣ ಅಂದರು. ಯಾರೋ ಅಲ್ಲ, ನಾನೇ. ಪರದೆ ಎಳೆದದ್ದೂ ನಾನೇ. ನಲವತ್ತು ಜನ ಕುರ್ಚಿಗಳಲ್ಲಿ ಒರಗಿದರು. ಹೋಳಿಗೆ ತನ್ನ ಕೆಲಸ ತಾನು ಮಾಡಿತು. ಹತ್ತು ನಿಮಿಷದಲ್ಲಿ ಇಡೀ ಹಾಲ್ ಒಂದು ದೊಡ್ಡ ದೋಣಿಯಂತೆ ಗೊರಕೆಯ ಅಲೆಗಳ ಮೇಲೆ ತೇಲತೊಡಗಿತು. ರೇಷ್ಮೆ ಸೀರೆಗಳು, ಜುಬ್ಬಗಳು, ಪರದೆಯ ಸಂದಿಯಿಂದ ಬಿದ್ದ ಚಳಿಗಾಲದ ಬಿಸಿಲಿನ ಒಂದು ಪಟ್ಟಿ. ಅಷ್ಟು ಸುಂದರವಾದ ಸಾರ್ವಜನಿಕ ಸಭೆಯನ್ನು ನಾನು ನೋಡಿಲ್ಲ.

ಮೂರು ಗಂಟೆಗೆ ಬೀಗ ಹಾಕಲು ಬಂದ ನ್ಯೂಜಿಲೆಂಡಿನ ಕಾವಲುಗಾರ ಬಾಗಿಲಲ್ಲೇ ನಿಂತು ನೋಡಿದ. ನಲವತ್ತು ಜನ ಬಾಯಿ ತೆರೆದು ಬಿದ್ದಿದ್ದಾರೆ. ಅಡುಗೆಮನೆಯಲ್ಲಿ ಗ್ಯಾಸ್ ಸೋರಿದೆ ಎಂದು ಪಾಪ ಕಿಟಕಿಗಳನ್ನೆಲ್ಲ ತೆಗೆದು, ಫೋನ್ ಮಾಡಿ, ಹೊರಗೆ ಓಡಿದ. ಆರು ನಿಮಿಷಕ್ಕೆ ಅಗ್ನಿಶಾಮಕದ ಕೆಂಪು ಬಂಡಿ ಬಂತು. ಹೆಲ್ಮೆಟ್ ಹಾಕಿದ ಅಧಿಕಾರಿ ಮೊದಲು ಎಬ್ಬಿಸಿದ್ದು ಭಾನುಮತಿ ಆಂಟಿಯನ್ನು.

"ಅಯ್ಯೋ, ಈಗ ತಾನೆ ಶುರುವಾಗಿತ್ತು!" ಎಂದು ಅವರು ಅಧಿಕಾರಿಯ ಮೇಲೆ ಸಿಟ್ಟಾದರು.

ಅಂಕಲ್ ಎದ್ದು, ಅಧಿಕಾರಿಗೆ ಇಂಗ್ಲಿಷಿನಲ್ಲಿ ರಕ್ತ, ಕೊಬ್ಬು, ತೆಂಗಿನಮರ ಎಲ್ಲವನ್ನೂ ಕ್ರಮವಾಗಿ ವಿವರಿಸಿದರು. ಅಧಿಕಾರಿ ಹೋಗುವಾಗ ಅವನ ಕೈಯಲ್ಲಿ ಎರಡು ಹೋಳಿಗೆ ಇದ್ದವು. ಸಂಜೆ ಏನು ಕನಸು ಬಿತ್ತೆಂದು ತಿಳಿಸಲು ಒಪ್ಪಿದ್ದ.

ಈ ಗಲಾಟೆಯಿಂದ ದೂರವಿದ್ದವರು ಪ್ರಭಾ ಆಂಟಿ ಒಬ್ಬರೇ. ಅವರಿಗೆ ಕನಸಿನಲ್ಲಿ ನಂಬಿಕೆಯಿಲ್ಲ, ಕಲೆಯಲ್ಲಿ ಇದೆ. ಎರಡು ಸಲವೂ ಪ್ರಯೋಗಾಲಯದಿಂದ ಬಂದ ಅಂಗಿಯನ್ನು ಒಗೆಯಲು ಹಾಕುವಾಗ ಜೇಬಿನಲ್ಲಿ ಜಿಡ್ಡಿನ ಕಲೆ ಕಂಡಿತ್ತು.

"ಮೂರನೇ ಸಲಕ್ಕೆ ನಾನೂ ಬರ್ತೇನೆ. ಎಂತದೋ ಉಂಟು ಇದ್ರಲ್ಲಿ" ಅಂದರು.

ಆ ದಿನ ಪ್ರತೀಕ್ಷಾಳ ಮುಖ ಸಪ್ಪಗಿತ್ತು. "ಅಂಕಲ್, ನಿಮ್ಮ ಎರಡೂ ದಿನದ ನಂಬರ್ ವಿಚಿತ್ರವಾಗಿದೆ. ಎಲ್ಲರ ಗೆರೆಗಿಂತ ಎಷ್ಟೋ ಮೇಲೆ. ನೀವು ಕೊನೆಯೋರು. ಇದು ಸರಿಯಾಗಿಲ್ಲ ಅಂದ್ರೆ ನನ್ನ ಇಡೀ ಚಾಪ್ಟರ್ ನಿಂತೋಗುತ್ತೆ. ಇನ್ನೊಂದು ವಿಷಯ. ಹನ್ನೊಂದು ಜನ ಫೋನ್ ಮಾಡಿ ನಂಗೆ ಅವರವರ ಕನಸು ಹೇಳಿದ್ರು. ಒಬ್ರು ಫೈರ್ ಬ್ರಿಗೇಡಿನೋರು. ಯಾಕೆ?"

ಅಂಕಲ್ ನನ್ನನ್ನು ನೋಡಿದರು. ಆಂಟಿ ನನ್ನನ್ನು ನೋಡಿದರು. ನಾನು ಮೋಡ ನೋಡಿದೆ.

ಊಟ ಬಂತು. ಈ ಸಲ ಆಂಟಿಗೂ ನನಗೂ ಗಾಜಿನ ಆಚೆ ನಿಲ್ಲಲು ಅನುಮತಿ ಸಿಕ್ಕಿತ್ತು. ಅಂಕಲ್ ತಟ್ಟೆಗೆ ಕೈಮುಗಿದರು. ಬಲಗೈ ತಟ್ಟೆಯ ಸುತ್ತ ನೀರು ತಿರುಗಿಸಿತು. ಎಡಗೈ ಜೇಬಿಗೆ ಹೋಯಿತು. ತಿರುಪು ಮುಚ್ಚಳದ ಪುಟ್ಟ ಸ್ಟೀಲ್ ಡಬ್ಬಿ ಹೊರಬಂತು. ಡಬ್ಬಿ ಅನ್ನದ ಮೇಲೆ ಬಾಗುವ ಆ ಕ್ಷಣ ನನ್ನ ತಲೆಯಲ್ಲಿ ಸ್ಲೋ ಮೋಷನ್, ಹಿನ್ನೆಲೆಯಲ್ಲಿ ನಗಾರಿ.

"ಸ್ಟಾಪ್!" ಪ್ರತೀಕ್ಷಾ ಹಾರಿ ಹೋಗಿ ಕೈ ಹಿಡಿದಳು. "ಅಂಕಲ್, ಏನದು?"

"ತುಪ್ಪಮ್ಮ."

"ತುಪ್ಪ? ಎರಡು ಸಲಾನೂ ಹಾಕ್ಕೊಂಡ್ರಾ?"

"ಎಲೆ ಮೇಲೆ ತುಪ್ಪ ಬೀಳದೆ ಕೈ ಹಾಕೋದು ಹ್ಯಾಗಮ್ಮ? ಅಭಿಘಾರ ಆಗ್ಬೇಕಲ್ಲ."

"ಬೇರೇನೂ ತಿನ್ಲಿಲ್ಲ ಅಂದ್ರಿ!"

"ತಿನ್ಲಿಲ್ವಲ್ಲ. ಇದು ತಿನ್ನೋದಲ್ಲ, ಶುದ್ಧಿ. ಇದಾದ್ಮೇಲೇ ಊಟ ಶುರು. ನೀವೂ ಬಡಿಸ್ತೀರಿ ಅಂತ ಕಾದೆ, ಮರ್ತಿದೀರಿ ಅನ್ನಿಸ್ತು. ಮಗೂನ ಯಾಕೆ ನೋಯಿಸೋದು ಅಂತ ನಾನೇ..."

ಪ್ರತೀಕ್ಷಾ ಕುರ್ಚಿಯಲ್ಲಿ ಕುಸಿದಳು. ತೆಂಗಿನಮರ ನಡೆದಾಡಿದ ದಿನವೂ ಮೇಲೆ ತುಪ್ಪ. ರಂಗಿಟೋಟೊ ಕರಗಿದ ದಿನವೂ ಮೇಲೆ ತುಪ್ಪ. ಅಂಕಲ್‌ರ ರಕ್ತ ಆರು ವಾರದಿಂದ ಯಾವ ಪ್ರಶ್ನೆಗೂ ಉತ್ತರ ಹೇಳಿರಲೇ ಇಲ್ಲ.

"ಎಷ್ಟು ಹಾಕ್ಕೊಂಡ್ರಿ? ಅದಾದ್ರೂ ಹೇಳಿ, ಬರ್ಕೋಬೇಕು."

"ಒಂದೇ ಹನಿ. ಶಾಸ್ತ್ರಕ್ಕೆ."

ಅವಳು ಒಂದು ಬಟ್ಟಲನ್ನು ತಕ್ಕಡಿ ಯಂತ್ರದ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಡಬ್ಬಿಯನ್ನು ಅವರ ಕೈಗೆ ಕೊಟ್ಟಳು. "ಮನೇಲಿ ಹಾಕ್ಕೊಳ್ಳೋ ತರಾನೇ ಒಂದು ಹನಿ ಹಾಕಿ."

ಅಂಕಲ್ ಭಕ್ತಿಯಿಂದ ಮಣಿಕಟ್ಟು ಬಗ್ಗಿಸಿದರು. ಜೇಬಿನ ಬಿಸಿಗೆ ಕರಗಿದ್ದ ತುಪ್ಪ ಒಂದು ಬಂಗಾರದ ಹಗ್ಗದಂತೆ ಇಳಿಯಿತು. ಇಳಿಯುತ್ತಲೇ ಇತ್ತು. ಅಂಕಲ್ ಕಣ್ಣು ಮುಚ್ಚಿಕೊಂಡಿದ್ದರು.

"ಹದಿನೆಂಟು ಗ್ರಾಂ" ಅಂದಳು ಪ್ರತೀಕ್ಷಾ.

"ಕೈ ನಡುಗಿತು. ಇನ್ನೊಂದ್ಸಲ."

"ಇಪ್ಪತ್ತೊಂದು."

ಗಾಜಿನ ಬಾಗಿಲು ತಳ್ಳಿಕೊಂಡು ಆಂಟಿ ಒಳಗೆ ಬಂದರು. "ಇಪ್ಪತ್ತಾರು ವರ್ಷದಿಂದ ನಾನು ಕೇಳಿದ 'ಒಂದೇ ಹನಿ' ಇದಾ ಮಾರಾಯ್ರೇ? ಇದು ಹನಿಯಾ? ಇದ್ರಲ್ಲಿ ದೀಪ ಹಚ್ಚಿದ್ರೆ ದೀಪಾವಳಿವರೆಗೆ ಉರೀತದೆ! ಕೇಸು ಬಿತ್ತು. ನಾಳೆಯಿಂದ ತುಪ್ಪ ಮನೆಯಿಂದ ಆಚೆ."

ಅಂಕಲ್ ಮುಖ ಇಳಿದುಹೋಯಿತು. ಡಬ್ಬಿಯ ಮುಚ್ಚಳವನ್ನು ತಿರುಗಿಸಿದರು, ಬಿಚ್ಚಿದರು, ಮತ್ತೆ ತಿರುಗಿಸಿದರು. ನನಗೇ ಅಳು ಬರುವಂತಾಯಿತು. ಆಮೇಲೆ ಮೆಲ್ಲಗೆ ಹೇಳಿದರು, "ಅವಳದ್ದೂ ಒಂದ್ಸಲ ತೂಗಮ್ಮ."

"ತೂಗಿ! ಒಗ್ಗರಣೆಗೆ ನಾನು ಎರಡು ಚಮಚಕ್ಕಿಂತ ಮೇಲೆ ಹಾಕುವವಳೇ ಅಲ್ಲ."

ಪ್ರಯೋಗಾಲಯದ ಅಡುಗೆಮನೆಯಿಂದ ಒಂದು ಬಾಣಲೆ ಬಂದು ತಕ್ಕಡಿಯ ಮೇಲೆ ಕೂತಿತು, ಒಂದು ಎಣ್ಣೆ ಬಾಟಲಿ ಬಂತು. ಆಂಟಿ ಬಾಟಲಿ ಬಗ್ಗಿಸಿ ಪ್ರತೀಕ್ಷಾಳ ಕಡೆ ತಿರುಗಿದರು. "ನಮ್ಮ ಕಡೆ ಗೊತ್ತುಂಟಾ, ಎಣ್ಣೆ ಅಂದ್ರೆ ಲೆಕ್ಕಾಚಾರ. ನನ್ನ ಅಮ್ಮ ಚಮಚವೇ ಮುಟ್ತಿರ್ಲಿಲ್ಲ, ಕಣ್ಣಳತೆ. ಅದೇ ಕೈ ನಂಗೆ ಬಂದದ್ದು. ನಿಂಗೆ ಮದುವೆ ಆಯ್ತಾ? ಇಲ್ವಾ? ಇಷ್ಟು ಚಂದ ಇದ್ದೀ, ಯಾಕೆ ಆಗ್ಲಿಲ್ಲ? ನನ್ನ ಚಿಕ್ಕಮ್ಮನ ಮಗ ಒಬ್ಬ ಉಂಟು, ವೆಲ್ಲಿಂಗ್ಟನ್‌ನಲ್ಲಿ..."

"ಆಂಟಿ."

"ಸ್ವಲ್ಪ ಕುಳ್ಳ, ಆದ್ರೆ ಗುಣ..."

"ಆಂಟಿ, ಬಾಟಲಿ!"

ಆಂಟಿ ಕೆಳಗೆ ನೋಡಿದರು.

"ಐವತ್ತೆರಡು ಗ್ರಾಂ" ಅಂದಳು ಪ್ರತೀಕ್ಷಾ. "ನಾನು ಇಡೀ ಊಟಕ್ಕೆ ಹಾಕಿರೋದೇ ಐವತ್ತು."

"ಬಾಣಲೆ ತೂಕ ಸೇರಿರ್ಬೇಕು."

"ಅದನ್ನ ಮೊದ್ಲೇ ತೆಗ್ದಿದೀನಿ."

ಕಿಟಕಿಯಲ್ಲಿ ಒಂದು ದೊಡ್ಡ ಮೋಡ ಬಂದು ನಿಂತು ನೋಡಿ ಮುಂದೆ ಹೋಯಿತು.

"ಒಬ್ಬರ ರಕ್ತದಿಂದ ಯಾವ್ದು ಒಳ್ಳೇದು ಅಂತ ಹೇಳಕ್ಕೇ ಆಗಲ್ಲ ಅಂಕಲ್" ಅಂದಳು ಪ್ರತೀಕ್ಷಾ. "ಇಪ್ಪತ್ನಾಲ್ಕು ಜನರದ್ದು ಸೇರಿಸಿ ನೋಡ್ಬೇಕು, ಅದೂ ಸಣ್ಣ ಸಣ್ಣ ವ್ಯತ್ಯಾಸ. ನೀವಿಬ್ರೂ ಸುರೀತಿರೋದು ನೋಡಿದ್ರೆ ಯಾವ್ದು ಅನ್ನೋ ಪ್ರಶ್ನೆಗೆ ನೀವಿನ್ನೂ ಬಂದೇ ಇಲ್ಲ. ಎಷ್ಟು ಅನ್ನೋದ್ರಲ್ಲೇ ಇದೀರ." ಆಮೇಲೆ ಅವಳ ಕಣ್ಣು ನನ್ನ ಮೇಲೆ ಬಿತ್ತು. "ನಂಗೆ ಇನ್ನೊಬ್ರು ಬೇಕು. ಈ ಕನಸಿನ ಕಥೆ ಹಬ್ಸಿದ್ದು ನೀವೇ ಅಲ್ವಾ?"

ನಾನು ತೋಳು ಹಿಂದಕ್ಕೆ ಬಚ್ಚಿಟ್ಟು, "ಮೇಡಂ, ಈ ಮೈಯಲ್ಲಿ ಹರಿಯೋದು ರಕ್ತ ಅಲ್ಲ, ಬೆಂಕಿ!" ಅಂದೆ.

"ಸರಿ, ಅದನ್ನೇ ತೆಗೀತೀನಿ. ಸೋಮವಾರ ಖಾಲಿ ಹೊಟ್ಟೇಲಿ ಬನ್ನಿ."

ವಾಪಸ್ ದಾರಿಯಲ್ಲಿ ಬ್ರಿಡ್ಜ್ ಮೇಲೆ ಬಂದಾಗ ಚಳಿಗಾಲದ ಓರೆ ಬಿಸಿಲಿಗೆ ಇಡೀ ಕಡಲು ಹಳದಿಯಾಗಿತ್ತು. ಅಂಕಲ್ ನೋಡಿ ಏನೋ ಹೇಳಹೊರಟವರು ಆಂಟಿಯ ಮುಖ ನೋಡಿ ಸುಮ್ಮನಾದರು. ಮಾನುಕಾವ್ ದಾಟಿದ ಮೇಲೆ ಆಂಟಿಯೇ ಬಾಯಿಬಿಟ್ಟರು.

"ಎರಡೂ ಇರ್ಲಿ. ಆದ್ರೆ ನಿಮ್ಮ ತುಪ್ಪ ನನ್ನ ಕೈಲಿ. ನಾನೇ ಬಡಿಸ್ತೇನೆ."

ಅಂಕಲ್ ಯೋಚಿಸಿದರು. "ಹಾಗಾದ್ರೆ ನಿನ್ನೆಣ್ಣೆ ನನ್ನ ಕೈಲಿ."

"ಆಯ್ತು."

"ಆಯ್ತು."

ರಾತ್ರಿಯ ಊಟಕ್ಕೆ ಬಿಸಿ ಅನ್ನ, ಸಾರು, ಸುಟ್ಟ ಬದನೆಕಾಯಿ ಗೊಜ್ಜು. ಗೊಜ್ಜಿನ ಮೇಲೆ ಹಸಿ ತೆಂಗಿನೆಣ್ಣೆ ಬೀಳದಿದ್ದರೆ ಆಂಟಿಗೆ ಅದು ಗೊಜ್ಜಲ್ಲ. ಬಿಸಿನೀರಿನಲ್ಲಿಟ್ಟು ಕರಗಿಸಿದ ಮೇಲೆ ಡಬ್ಬಿ ಆಂಟಿಯ ಬಳಿ, ಜಾಡಿ ಅಂಕಲ್ ಬಳಿ. ಇಬ್ಬರ ಕೈಯಲ್ಲೂ ಇನ್ನೊಬ್ಬರ ಪ್ರಾಣ.

ಆಂಟಿ ಚಮಚದ ತುದಿಯಿಂದ ಅನ್ನದ ಮೇಲೆ ಒಂದು ಹನಿ ಬಿಟ್ಟರು. ನಿಜವಾದ ಹನಿ. ಅದು ಒಂದು ಅಗುಳಿನ ಮೇಲೆ ಬಿದ್ದು, ಮಿನುಗಿ, ಕಾಣೆಯಾಯಿತು. ಅಂಕಲ್ ಅದು ಹೋದ ಜಾಗವನ್ನೇ ನೋಡುತ್ತಾ ಕುಳಿತರು. ಆಮೇಲೆ ಜಾಡಿಗೆ ಚಮಚ ಅದ್ದಿ ಆಂಟಿಯ ಗೊಜ್ಜಿನ ಮೇಲೆ ಒಂದು ಹನಿ ಬಿಟ್ಟರು. ಅದೂ ಕಾಣೆಯಾಯಿತು.

ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸಿದರು.

"ಗೊಜ್ಜು ಒಣಗಿದ ಹಾಗೆ ಕಾಣ್ತದೆ" ಅಂದರು ಆಂಟಿ.

"ಅನ್ನಾನೂ" ಅಂದರು ಅಂಕಲ್.

ಆಂಟಿ ಎರಡನೇ ಹನಿ ಬಿಟ್ಟರು. ಅಂಕಲ್ ಎರಡನೇ ಹನಿ ಬಿಟ್ಟರು. ಮೂರನೆಯದಕ್ಕೆ ಯಾರು ಮೊದಲು ಎಂದು ಚಮಚಗಳು ಗಾಳಿಯಲ್ಲೇ ನಿಂತವು. ನಾನು ಅನ್ನ ಸಾರು ಉಂಡು, ಗೊಜ್ಜು ನೆಕ್ಕಿ, ಮೊಸರನ್ನ ಮುಗಿಸಿ, ತಟ್ಟೆ ತೊಳೆದಿಟ್ಟು ಬಂದೆ. ಮಾತುಕತೆ ಏಳನೇ ಹನಿಯಲ್ಲಿತ್ತು.